ಕಮ್ ಆನ್ ಡೌನ್: ಮುಖ ಕಾಣದ ಅನೌನ್ಸರ್‌ಗಳ ನೆನಪು

ಒಂದು ಜಟಕಾ ಗಾಡಿಯಿಂದ ಶುರು ಮಾಡುತ್ತೇನೆ. ನಾನು ಚಿಕ್ಕವಳಿದ್ದಾಗ ತಿಪಟೂರಿನಲ್ಲಿ ಸಿನಿಮಾ ಬದಲಾದ ದಿನ ಒಂದು ಜಟಕಾ ಬೀದಿ ಬೀದಿ ಸುತ್ತುತ್ತಿತ್ತು. ಎರಡೂ ಕಡೆ ಪೋಸ್ಟರ್, ಮೇಲೊಂದು ಮೈಕು. ಒಳಗೆ ಕೂತವನ ಮುಖ ನಮಗೆ ಕಾಣುತ್ತಿರಲಿಲ್ಲ. "ಇಂದಿನಿಂದ ದಿನಾ ಎರಡು ಆಟ" ಅನ್ನುವ ದನಿ ಮಾತ್ರ, ಗಾಡಿ ಮೂಲೆ ತಿರುಗುವ ಮುಂಚೆಯೇ ಅಡುಗೆಮನೆಗೆ ಬಂದುಬಿಡುತ್ತಿತ್ತು. ನಾವು ಮಕ್ಕಳು ಹ್ಯಾಂಡ್‌ಬಿಲ್‌ಗಾಗಿ ಗಾಡಿ ಹಿಂದೆ ಓಡುತ್ತಿದ್ದೆವು. ಸಿನಿಮಾಕ್ಕೆ ಮನೆಯಲ್ಲಿ ಕಳಿಸುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಆದರೂ ಆ ದನಿ ಕೇಳಿದ ದಿನ ಹಬ್ಬದ ದಿನದ ಹಾಗೆ ಇರುತ್ತಿತ್ತು.

ಅಂಥದೇ ದನಿ ನನಗೆ ಮತ್ತೆ ಸಿಕ್ಕಿದ್ದು 1981ರಲ್ಲಿ, ನ್ಯೂಜೆರ್ಸಿಯ ಒಂದು ಮಹಡಿ ಮನೆಯಲ್ಲಿ. ಮದುವೆಯಾಗಿ ಹೊಸದಾಗಿ ಹೋಗಿದ್ದೆ. ನಮ್ಮ ಯಜಮಾನರು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುತ್ತಿದ್ದುದು ಸಂಜೆ ಆರಕ್ಕೆ. ಮಹಡಿಯಲ್ಲಿ ನಾವು, ಕೆಳಗೆ ಮನೆಯ ಒಡತಿ, ಇಟಲಿ ಮೂಲದ ಒಬ್ಬ ಅಜ್ಜಿ. ಎಪ್ಪತ್ತು ದಾಟಿತ್ತು, ಒಬ್ಬರೇ ಇದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅವರ ಟಿವಿ ಜೋರಾಗುತ್ತಿತ್ತು. ಹಲಗೆ ನೆಲದ ಮನೆ, ಎಲ್ಲ ಕೇಳಿಸುತ್ತೆ. ಯಾರದೋ ಹೆಸರನ್ನು ಒಬ್ಬ ಗಂಡಸು ದೊಡ್ಡದಾಗಿ ಕೂಗುತ್ತಿದ್ದ. ಆಮೇಲೆ "ಕಮ್ ಆನ್ ಡೌನ್!" ಅನ್ನುತ್ತಿದ್ದ. ಆಮೇಲೆ ನೂರಾರು ಜನರ ಕೂಗು. ಯಾರು, ಯಾರನ್ನು, ಎಲ್ಲಿಗೆ ಕರೆಯುತ್ತಿದ್ದಾರೆ ಅಂತ ನನಗೆ ಅರ್ಥವಾಗುತ್ತಿರಲಿಲ್ಲ. ನಾಲ್ಕೈದು ದಿನ ಮೆಟ್ಟಿಲ ಮೇಲೆ ಕೂತು ಸುಮ್ನೆ ಕೇಳಿದೆ. ಒಂದು ದಿನ ಅಜ್ಜಿ ನೋಡಿಬಿಟ್ಟರು. ಕೈ ಹಿಡಿದು ಕರಕೊಂಡು ಹೋಗಿ ಸೋಫಾದ ಮೇಲೆ ಕೂರಿಸಿದರು.

ಅದು 'ದಿ ಪ್ರೈಸ್ ಈಸ್ ರೈಟ್'. ನೋಡಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಒಂದು ವಸ್ತು ತೋರಿಸುತ್ತಾರೆ, ಫ್ರಿಜ್ಜೋ ಸೋಫಾವೋ. ನಾಲ್ಕು ಜನ ಅದರ ಬೆಲೆ ಊಹಿಸಿ ಹೇಳಬೇಕು. ನಿಜವಾದ ಬೆಲೆಗೆ ಯಾರು ಹತ್ತಿರ ಬರುತ್ತಾರೋ, ಆದರೆ ದಾಟುವುದಿಲ್ಲವೋ, ಅವರು ಗೆದ್ದ ಹಾಗೆ. ಗೆದ್ದವರು ವೇದಿಕೆ ಹತ್ತಿ ಬೇರೆ ಆಟ ಆಡಿ ಕಾರನ್ನೂ ಗೆಲ್ಲಬಹುದು. ನಡೆಸುತ್ತಿದ್ದವರು ಬಾಬ್ ಬಾರ್ಕರ್. ಬೆಳ್ಳಗಿನ ಹಲ್ಲು, ತೆಳ್ಳಗಿನ ಮೈಕು, ಎಲ್ಲರ ಕಣ್ಣೂ ಅವರ ಮೇಲೆಯೇ. ನನ್ನ ಕಿವಿ ಮಾತ್ರ ಇನ್ನೊಬ್ಬರ ಕಡೆ ಇತ್ತು. ಹೆಸರು ಕೂಗುತ್ತಿದ್ದ ಆ ಇನ್ನೊಬ್ಬರು ಜಾನಿ ಓಲ್ಸನ್.

ಓಲ್ಸನ್ ಹುಟ್ಟಿದ್ದು 1910ರಲ್ಲಿ, ಮಿನೆಸೋಟದ ವಿಂಡಮ್ ಅನ್ನುವ ಊರಿನಲ್ಲಿ. ನಾರ್ವೆಯಿಂದ ವಲಸೆ ಬಂದ ರೈತ ಕುಟುಂಬ, ಹತ್ತು ಮಕ್ಕಳಲ್ಲಿ ಕೊನೆಯವರು. ಹತ್ತು ಜನರ ಮನೆಯಲ್ಲಿ ಕೊನೆಯ ಮಗುವಿನ ಮಾತು ಕೇಳಿಸಬೇಕಾದರೆ ದನಿ ಎತ್ತಲೇಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ರೇಡಿಯೊದಲ್ಲಿ ಬೆಳೆದವರು. 1940ರ ದಶಕದಲ್ಲಿ ಹೆಂಡತಿ ಪೆನ್ನಿ ಜೊತೆ 'ಲೇಡೀಸ್ ಬಿ ಸೀಟೆಡ್' ಅನ್ನುವ ಕಾರ್ಯಕ್ರಮ ನಡೆಸುತ್ತಿದ್ದರು, ಅಂದರೆ ಅಲ್ಲಿ ಅವರೇ ನಿರೂಪಕರು. ಇದನ್ನು ಸ್ವಲ್ಪ ಗಮನಿಸಿ. ಮುಂದೆ ನಿಂತು ನಡೆಸಿದ್ದವರು ಆಮೇಲೆ ಪಕ್ಕಕ್ಕೆ ಸರಿದು, 'ವಾಟ್ಸ್ ಮೈ ಲೈನ್', 'ಟು ಟೆಲ್ ದ ಟ್ರುತ್', 'ಮ್ಯಾಚ್ ಗೇಮ್' ಅಂತ ಒಂದಾದ ಮೇಲೊಂದು ಕಾರ್ಯಕ್ರಮದಲ್ಲಿ ಬರೀ ದನಿಯಾಗಿ ಕೆಲಸ ಮಾಡಿದರು. 1972ರ ಸೆಪ್ಟೆಂಬರ್ 4ಕ್ಕೆ ಹೊಸ ರೂಪದ 'ಪ್ರೈಸ್ ಈಸ್ ರೈಟ್' ಸಿಬಿಎಸ್ ಅನ್ನುವ ಟಿವಿ ಚಾನೆಲ್‌ನಲ್ಲಿ ಶುರುವಾದಾಗ ಅವರಿಗೆ 62 ವರ್ಷ. ನಮ್ಮ ಕಡೆ ರಿಟೈರ್ ಆಗಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರ ಅತಿ ದೊಡ್ಡ ಕೆಲಸ ಶುರುವಾಯಿತು.

ಈ ಅನೌನ್ಸರ್ ಏನು ಮಾಡುತ್ತಾನೆ ಅಂತ ಹೇಳಬೇಕು. ಜನ ಅಂದುಕೊಳ್ಳುವುದು ಹೆಸರು ಕೂಗುತ್ತಾನೆ, ಅಷ್ಟೇ. ಹಾಗಲ್ಲ. ಹೆಸರು ಕೂಗಿದ ಮೇಲೆ ಪರದೆ ಸರಿಯುತ್ತೆ, ಒಂದು ಡೈನಿಂಗ್ ಟೇಬಲ್ ಕಾಣುತ್ತೆ, ಮಾಡೆಲ್ ಹುಡುಗಿ ಅದರ ಅಂಚಿನ ಮೇಲೆ ಕೈ ಸವರುತ್ತಾಳೆ. ಅವಳ ಕೈ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಮರ ಯಾವುದು, ಕುರ್ಚಿ ಎಷ್ಟು, ತಯಾರಿಸಿದ ಕಂಪನಿ ಯಾವುದು ಅಂತ ಓದಿ ಮುಗಿಸಬೇಕು. ಬೇಗ ಮುಗಿದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಆ ಕಂಪನಿ ವಸ್ತು ಕೊಟ್ಟಿರುವುದೇ ಆ ಕೆಲವು ಸೆಕೆಂಡಿನ ಮಾತಿಗಾಗಿ, ಹಾಗಾಗಿ ಒಂದು ಪದ ನುಂಗುವ ಹಾಗಿಲ್ಲ. ಕಾಗದದಲ್ಲಿ ಇರುವುದು ಒಣ ಜಾಹೀರಾತು. ಓಲ್ಸನ್ ಓದಿದರೆ ಆ ಟೇಬಲ್ ಸುತ್ತ ಆಗಲೇ ಒಂದು ಸಂಸಾರ ಊಟಕ್ಕೆ ಕೂತ ಹಾಗೆ ಅನ್ನಿಸುತ್ತಿತ್ತು. ಇನ್ನು ಕಾರು ಬಂದಾಗ "ಎ ನ್ಯೂ ಕಾರ್!" ಅಂತ ಆ 'ಕಾ' ಎಳೆಯುತ್ತಿದ್ದರಲ್ಲ, ಅದನ್ನು ನಾನು ಇಲ್ಲಿ ನಿಂತು ಹೇಳಿ ತೋರಿಸಲಾರೆ. ನಮ್ಮ ಸಂಗೀತಗಾರರು ತಾರಸ್ಥಾಯಿ ಷಡ್ಜ ಮುಟ್ಟಿ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರಲ್ಲ, ಹಾಗೆ.

ನನಗೆ ಅಮೆರಿಕದ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಅವರೇ. ನಾನು ಇಂಗ್ಲಿಷ್ ಓದಿದ್ದೆ, ಬಿ.ಎ. ಮಾಡಿದ್ದೆ. ಆದರೆ ಪುಸ್ತಕದ ಇಂಗ್ಲಿಷಿನಲ್ಲಿ ಮನೆ ಸಾಮಾನುಗಳ ಹೆಸರು ಎಲ್ಲಿರುತ್ತೆ? ಹಚ್ ಅಂದರೆ ತಟ್ಟೆ ಬಟ್ಟಲು ಜೋಡಿಸುವ ಕಪಾಟು, ರಿಕ್ಲೈನರ್ ಅಂದರೆ ಒರಗುವ ಕುರ್ಚಿ, ಡೈನೆಟ್ ಅಂದರೆ ಚಿಕ್ಕ ಊಟದ ಮೇಜು. ಒಂದು ಪದ ಕೇಳುತ್ತೆ, ಅದೇ ಹೊತ್ತಿಗೆ ವಸ್ತು ಕಣ್ಣ ಮುಂದೆ ಕಾಣುತ್ತೆ, ಮಾಡೆಲ್ ಕೈ ಇಟ್ಟು ತೋರಿಸುತ್ತಾಳೆ. ಇದಕ್ಕಿಂತ ಒಳ್ಳೆ ಶಾಲೆ ಬೇಕಾ? ಆಮೇಲೆ ಬೆಲೆ. ಒಂದು ಡಬ್ಬಿ ಸೂಪಿಗೆ ಎಷ್ಟು, ಸೋಪಿನ ಪುಡಿಗೆ ಎಷ್ಟು ಅಂತ ಗೊತ್ತಾಗಿದ್ದು ಅಂಗಡಿಗಿಂತ ಮುಂಚೆ ಅಲ್ಲಿ. ಆರು ತಿಂಗಳಿಗೆ ಅಜ್ಜಿಗಿಂತ ನನ್ನ ಊಹೆಯೇ ಬೆಲೆಗೆ ಹತ್ತಿರ ಬರುತ್ತಿತ್ತು. ಅವರಿಗೆ ಅದು ತುಂಬ ಹೆಮ್ಮೆ, ತಮ್ಮ ಮಗಳಂದಿರಿಗೆ ಫೋನ್ ಮಾಡಿ ಹೇಳುತ್ತಿದ್ದರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಕಾರ್ಯಕ್ರಮದ ಕೊನೆಯಲ್ಲಿ ಅನೌನ್ಸರ್ ಗಡಿಬಿಡಿಯಲ್ಲಿ ಕಂಪನಿಗಳ ಹೆಸರು ಓದುತ್ತಾನೆ, ಟರ್ಟಲ್ ವ್ಯಾಕ್ಸು, ರೈಸ್-ಎ-ರೋನಿ, ಹೀಗೆ. ಪ್ರಚಾರಕ್ಕಾಗಿ ದುಡ್ಡು ಕೊಟ್ಟವರು ಇವರು ಅಂತ ಸ್ಪಷ್ಟವಾಗಿ ಹೇಳುತ್ತಾನೆ. ಅದನ್ನು ಯಾಕೆ ಅಷ್ಟು ನಿಷ್ಠೆಯಿಂದ ಹೇಳುತ್ತಾರೆ ಅಂತ ನನಗೆ ಕುತೂಹಲ. ಹುಡುಕಿದರೆ ಹಿಂದೆ ದೊಡ್ಡ ಕಥೆ ಇತ್ತು. 1950ರ ದಶಕದಲ್ಲಿ ಅಲ್ಲಿ ಕ್ವಿಜ್ ಕಾರ್ಯಕ್ರಮಗಳ ಹುಚ್ಚು. 'ಟ್ವೆಂಟಿ ಒನ್' ಅನ್ನುವ ಕ್ವಿಜ್‌ನಲ್ಲಿ ಚಾರ್ಲ್ಸ್ ವ್ಯಾನ್ ಡೋರೆನ್ ಅನ್ನುವ ಯುವ ಅಧ್ಯಾಪಕ ಗೆದ್ದು ಗೆದ್ದು ಮನೆಮಾತಾದ. ಆಮೇಲೆ ನೋಡಿದರೆ ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿದ್ದರು. 1959ರಲ್ಲಿ ಆತ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ತಪ್ಪೊಪ್ಪಿಕೊಂಡ. ಮಾರನೇ ವರ್ಷ ಕಾನೂನಿಗೆ ತಿದ್ದುಪಡಿ ಬಂತು. ಸ್ಪರ್ಧೆಯಲ್ಲಿ ಮೋಸ ಮಾಡಿದರೆ ಅಪರಾಧ, ಪ್ರಚಾರಕ್ಕೆ ಯಾರಿಂದ ಏನು ಪಡೆದಿದ್ದೀರಿ ಅಂತ ನೋಡುಗರಿಗೆ ಹೇಳಲೇಬೇಕು. ಜನ ಒಂದು ಸಲ ನಂಬಿ ಮೋಸಹೋಗಿದ್ದರು. ಆ ನಂಬಿಕೆ ಮರಳಿ ಬರುವುದರಲ್ಲಿ ಈ ಅನೌನ್ಸರ್‌ಗಳ ಬೆಚ್ಚಗಿನ ದನಿಗೂ ಒಂದು ಪಾಲಿದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸರಿ, 1984ಕ್ಕೆ ಬರೋಣ. ಯಜಮಾನರ ಸ್ನೇಹಿತರು ಲಾಸ್ ಏಂಜಲೀಸ್‌ನಲ್ಲಿದ್ದರು, ಅವರ ಮನೆಗೆ ಹೋದೆವು. ಡಿಸ್ನಿಲ್ಯಾಂಡ್ ಬೇಡ, ನನಗೆ ಈ ಕಾರ್ಯಕ್ರಮದ ಸ್ಟುಡಿಯೊ ಇರುವ ಸಿಬಿಎಸ್ ಟೆಲಿವಿಷನ್ ಸಿಟಿ ತೋರಿಸಿ ಅಂದೆ. ಬೆಳಕು ಹರಿಯುವ ಮುಂಚೆ ಹೋಗಿ ಕ್ಯೂ ನಿಂತೆವು. ನಾನು ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದೆ. ಗಂಟೆಗಟ್ಟಲೆ ಕಾದ ಮೇಲೆ ಒಬ್ಬ ಹುಡುಗ ಬಂದು, ಹೆಸರು ಕೇಳಿ, ಬೆಲೆ ಚೀಟಿ ಆಕಾರದ ಹಳದಿ ಬಿಲ್ಲೆಯ ಮೇಲೆ ಬರೆದು ಅಂಟಿಸಿದ. ಕಾರ್ಯಕ್ರಮದ ಕಡೆಯವರು ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೂ ಒಂದೆರಡು ಪ್ರಶ್ನೆ ಕೇಳಿದರು. ಯಾರನ್ನು ಕರೆಯುವುದು ಅಂತ ತೀರ್ಮಾನ ಆಗುವುದು ಅಲ್ಲೇ. ಒಂದು ಗಂಟೆಯ ಕಂತಿಗೆ ಒಂಬತ್ತು ಹೆಸರು. ಒಳಗೆ ಸುಮಾರು ಮುನ್ನೂರು ಜನ.

ಒಳಗೆ ಹೋದರೆ ಸ್ಟುಡಿಯೊ ಟಿವಿಯಲ್ಲಿ ಕಾಣುವುದಕ್ಕಿಂತ ಎಷ್ಟೋ ಚಿಕ್ಕದು. ಕ್ಯಾಮೆರಾ ಇನ್ನೂ ಆನ್ ಆಗಿಲ್ಲ, ಬಾರ್ಕರ್ ಇನ್ನೂ ಬಂದಿಲ್ಲ. ಆಗ ಬಂದರು ಓಲ್ಸನ್. ಇದನ್ನು ವಾರ್ಮಪ್ ಅನ್ನುತ್ತಾರೆ, ಪ್ರೇಕ್ಷಕರನ್ನು ಕಾರ್ಯಕ್ರಮಕ್ಕೆ ಹದ ಮಾಡುವುದು. ಅವರು ಮಾಡಿದ್ದು ಟಿವಿಯಲ್ಲಿ ಯಾರಿಗೂ ಕಾಣುವುದಿಲ್ಲ, ಕೂತಿದ್ದ ಮುನ್ನೂರು ಜನಕ್ಕೆ ಮಾತ್ರ. ಎಪ್ಪತ್ತನಾಲ್ಕರ ಮನುಷ್ಯ ಸಾಲುಗಳ ಮಧ್ಯೆ ಮೇಲಿಂದ ಕೆಳಕ್ಕೆ ಓಡಿದರು, ಕುಣಿದರು, ಮುದುಕಿಯರ ಕೈ ಹಿಡಿದು ಕುಣಿಸಿದರು, ಹಿಂದಿನ ಸಾಲಿನವರನ್ನೂ ಬಿಡಲಿಲ್ಲ. ಇಡೀ ಸ್ಟುಡಿಯೊ ಬೆಳಿಗ್ಗಿನಿಂದ ನಿಂತ ಕಾಲುನೋವು ಮರೆತಿತ್ತು. ನನ್ನ ಪಕ್ಕ ಕೂತಿದ್ದವರು ಅಯೋವಾದ ಒಬ್ಬ ರೈತ, ಬಿಗಿದುಕೊಂಡು ಕೂತಿದ್ದರು, ಹತ್ತು ನಿಮಿಷಕ್ಕೆ ಅವರೂ ಕೂಗಲು ಶುರು ಮಾಡಿದರು.

ಆಮೇಲೆ ಓಲ್ಸನ್ ಪಕ್ಕದಲ್ಲಿ ತಮ್ಮ ಮೈಕಿನ ಮುಂದೆ ನಿಂತರು. ಹೆಸರು ಕೂಗಿದರು. ಒಂದು ವಿಷಯ ಅಲ್ಲಿಗೆ ಹೋದ ಮೇಲೇ ಗೊತ್ತಾಗಿದ್ದು: ಒಳಗಿನ ಗಲಾಟೆಯಲ್ಲಿ ಕೂಗಿದ ಹೆಸರು ಸರಿಯಾಗಿ ಕೇಳಿಸುವುದೇ ಇಲ್ಲ, ಹೆಸರು ಬರೆದ ದೊಡ್ಡ ಕಾರ್ಡ್ ಎತ್ತಿ ತೋರಿಸುತ್ತಾರೆ. ಅಂದರೆ ಕರೆಸಿಕೊಂಡವರು ಆ ದನಿಯನ್ನು ಕೇಳಿಸಿಕೊಂಡಿರುವುದು ಕಡಿಮೆ. ಅದು ಮನೆಯಲ್ಲಿ ಕೂತ ನಮಗೆ. ಆದರೂ ಅವರು ಪ್ರತಿ ಹೆಸರನ್ನೂ ಅದೇ ಪ್ರೀತಿಯಿಂದ ಕೂಗಿದರು. ಒಬ್ಬ ಲಾರಿ ಡ್ರೈವರ್, ಒಬ್ಬ ಕಾಲೇಜು ಹುಡುಗಿ, ಸೇನೆಯಿಂದ ರಜೆಯ ಮೇಲೆ ಬಂದಿದ್ದ ಒಬ್ಬ ಹುಡುಗ. ಅವರ ಹೆಸರನ್ನು ಅಷ್ಟು ದೊಡ್ಡದಾಗಿ, ಅಷ್ಟು ಸಂತೋಷದಿಂದ ಅದಕ್ಕೆ ಮುಂಚೆ ಯಾರು ಕೂಗಿರುತ್ತಾರೆ ಹೇಳಿ. ಶಾಲೆಯಲ್ಲಿ ಹಾಜರಿ ಕೂಗುತ್ತಾರೆ, ಆಸ್ಪತ್ರೆಯಲ್ಲಿ ಸರದಿ ಕೂಗುತ್ತಾರೆ, ಕೋರ್ಟಿನಲ್ಲಿ ಜವಾನ ಮೂರು ಸಲ ಕೂಗುತ್ತಾನೆ. ಹೆಸರು ಕೂಗಿದರೆ ಎದೆ ಧಸಕ್ ಅನ್ನುವುದೇ ಜಾಸ್ತಿ, ಅಲ್ವಾ? ಇಲ್ಲಿ ಹೆಸರು ಕೇಳಿದವರು ಎದ್ದು ಕುಣಿದುಕೊಂಡು ಓಡಿ ಬರುತ್ತಿದ್ದರು.

ನನ್ನ ಹೆಸರು ಬರಲಿಲ್ಲ. ಬೇಜಾರಾಗಲಿಲ್ಲ. ಆ ಹಳದಿ ಬಿಲ್ಲೆ ಇವತ್ತಿಗೂ ಮನೆಯಲ್ಲಿದೆ, ಅಂಟು ಒಣಗಿದೆ, ಬರಹ ಹಾಗೇ ಇದೆ.

ಉಳಿದವರ ಬಗ್ಗೆಯೂ ಹೇಳಬೇಕು. ಡಾನ್ ಪಾರ್ಡೊ ಅಂತ ಒಬ್ಬರಿದ್ದರು. 1918ರಲ್ಲಿ ಹುಟ್ಟಿದವರು, 1944ಕ್ಕೆ ಎನ್‌ಬಿಸಿ ಅನ್ನುವ ಪ್ರಸಾರ ಸಂಸ್ಥೆ ಸೇರಿದವರು. 1956ರಲ್ಲಿ ಬಿಲ್ ಕಲನ್ ನಡೆಸುತ್ತಿದ್ದ ಮೊದಲ 'ಪ್ರೈಸ್ ಈಸ್ ರೈಟ್'ಗೆ ದನಿ ಇವರದೇ, 1964ರಿಂದ 75ರವರೆಗೆ ಮೊದಲ 'ಜೆಪರ್ಡಿ' ಕ್ವಿಜ್‌ಗೂ ಇವರದೇ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಮೇಲೆ ಗುಂಡು ಹಾರಿದ ಸುದ್ದಿಯನ್ನು ನ್ಯೂಯಾರ್ಕಿನ ಎನ್‌ಬಿಸಿ ನೋಡುಗರಿಗೆ ಮೊದಲು ಓದಿದವರೂ ಇವರೇ. ಯೋಚನೆ ಮಾಡಿ. ದಿನಾ ಫ್ರಿಜ್ಜು, ಪ್ರವಾಸ, ತುಪ್ಪಳದ ಕೋಟು ಅಂತ ಹೇಳುತ್ತಿದ್ದ ಬಾಯಿಗೆ ಆ ಸುದ್ದಿ ಬಂತು. 1975ರಿಂದ 'ಸ್ಯಾಟರ್ಡೇ ನೈಟ್ ಲೈವ್' ಅನ್ನುವ ಹಾಸ್ಯ ಕಾರ್ಯಕ್ರಮಕ್ಕೆ ನಟರ ಹೆಸರು ಹೇಳುವ ಕೆಲಸ. ಮೊದಲ ರಾತ್ರಿಯೇ ತಂಡದ ಹೆಸರಿನಲ್ಲಿ ಎರಡು ಪದ ಅದಲು ಬದಲು ಮಾಡಿ ಹೇಳಿದರು, ಯಾರೂ ಅವರನ್ನು ತೆಗೆಯಲಿಲ್ಲ. ನಡುವೆ 1981-82ರ ಒಂದು ಸೀಸನ್ ಬಿಟ್ಟರೆ, 2014ರಲ್ಲಿ 96ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಆ ಕಾರ್ಯಕ್ರಮದ ದನಿ ಅವರೇ.

ಜೀನ್ ವುಡ್, 'ಫ್ಯಾಮಿಲಿ ಫ್ಯೂಡ್'. ಎರಡು ಸಂಸಾರಗಳು ಎದುರುಬದುರು ನಿಲ್ಲುವ ಆಟ. ಅವರ ದನಿಯಲ್ಲಿ ಸ್ವಲ್ಪ ಗರಗರ ಇತ್ತು, ಮದುವೆ ಮನೆಯಲ್ಲಿ ಎಲ್ಲರನ್ನೂ ಪಂಕ್ತಿಗೆ ಕೂರಿಸುವ ದೊಡ್ಡಪ್ಪನ ದನಿ.

ರಾಡ್ ರಾಡಿ ಬೇರೆ ತರಹ. ಓಲ್ಸನ್ ನಂತರ 1986ರಲ್ಲಿ 'ಪ್ರೈಸ್ ಈಸ್ ರೈಟ್'ಗೆ ಬಂದರು. ಮೊದಮೊದಲು ನನಗೆ ಒಗ್ಗಲೇ ಇಲ್ಲ. ಥಳಥಳ ಹೊಳೆಯುವ ರೇಷ್ಮೆ ಕೋಟು, ಗುಲಾಬಿ, ಹಳದಿ, ನೇರಳೆ, ಕ್ಯಾಮೆರಾ ಕೂಡ ಅವರನ್ನು ಆಗಾಗ ತೋರಿಸುತ್ತಿತ್ತು. ಅನೌನ್ಸರ್‌ನ ಮುಖ ಯಾಕೆ ತೋರಿಸಬೇಕು ಅಂತ ನನಗೆ ಸಿಟ್ಟು. ಆಮೇಲೆ 2001ರಲ್ಲಿ ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಅದನ್ನು ಮುಚ್ಚಿಡಲಿಲ್ಲ. ಪರೀಕ್ಷೆ ಮಾಡಿಸಿಕೊಳ್ಳಿ, ನನ್ನ ಹಾಗೆ ತಡ ಮಾಡಬೇಡಿ ಅಂತ ಜನರಿಗೆ ಹೇಳುತ್ತಾ ಓಡಾಡಿದರು, ಚಿಕಿತ್ಸೆಯ ನಡುವೆಯೂ ಕೆಲಸಕ್ಕೆ ಬಂದರು. 2003ರಲ್ಲಿ ತೀರಿಹೋದರು. ಬೆಲೆ ಚೀಟಿ ಓದುವ ದನಿ ಅಂತ ಜನ ಅಂದುಕೊಂಡಿದ್ದರು, ಅದೇ ದನಿ ಎಷ್ಟೋ ಜನರನ್ನು ಆಸ್ಪತ್ರೆಗೆ ಕಳಿಸಿರಬೇಕು. ನನ್ನ ಯಜಮಾನರು ಆ ಪರೀಕ್ಷೆ ಮಾಡಿಸಿಕೊಂಡದ್ದು ಅವರ ಮಾತು ಕೇಳಿಯೇ.

ಜಾನಿ ಗಿಲ್ಬರ್ಟ್ ಬಗ್ಗೆ ಹೇಳದೆ ಬಿಟ್ಟರೆ ಅಮೆರಿಕದಲ್ಲಿರುವ ನನ್ನ ಮಗ ಫೋನ್ ಮಾಡಿ ಜಗಳ ಆಡುತ್ತಾನೆ. "ದಿಸ್ ಈಸ್ ಜೆಪರ್ಡಿ!" ಅನ್ನುವುದು ಇವರು. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಹುಟ್ಟಿದವರು, ಮೊದಲು ಹಾಡುಗಾರ. ಪಾರ್ಡೊ ಎನ್‌ಬಿಸಿಯಲ್ಲೇ ಉಳಿದು ಹಳೆಯ 'ಪ್ರೈಸ್ ಈಸ್ ರೈಟ್' 1963ರಲ್ಲಿ ಎಬಿಸಿ ಚಾನೆಲ್‌ಗೆ ಹೋದಾಗ ಅದಕ್ಕೂ ಇವರೇ ದನಿ ಕೊಟ್ಟಿದ್ದರು. 1984ರ ಸೆಪ್ಟೆಂಬರಿನಲ್ಲಿ ನಿರೂಪಕ ಅಲೆಕ್ಸ್ ಟ್ರೆಬೆಕ್ ಜೊತೆ ಹೊಸ 'ಜೆಪರ್ಡಿ' ಶುರು ಮಾಡಿದರು. ಟ್ರೆಬೆಕ್ 2020ರಲ್ಲಿ ತೀರಿಕೊಂಡರು.  ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಮಗ ಹೋಮ್‌ವರ್ಕ್ ಬಿಟ್ಟು ಬರುತ್ತಿದ್ದ. ಆ ಕಾರ್ಯಕ್ರಮದಲ್ಲಿ ಸ್ಪರ್ಧಿಯ ಹೆಸರು, ಊರು, ಕೆಲಸ ಮೂರನ್ನೂ ಹೇಳುತ್ತಾರೆ, ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತ ಮೊದಲೇ ಕೇಳಿಕೊಂಡಿರುತ್ತಾರೆ. ನಮ್ಮ ಭಾರತದ ಕಡೆಯ ಹೆಸರುಗಳು ಒಂದೊಂದಾಗಿ ಬರಲು ಶುರುವಾದವು. ಕ್ಲಿನಿಕ್ಕಿನಲ್ಲಿ, ಬ್ಯಾಂಕಿನಲ್ಲಿ ನನ್ನ ಹೆಸರನ್ನು ಓದುವವರು ಅರ್ಧಕ್ಕೇ ನಿಲ್ಲಿಸಿ ಮುಖ ಎತ್ತಿ ನೋಡುತ್ತಿದ್ದ ಕಾಲ ಅದು. ಗಿಲ್ಬರ್ಟ್ ಒಂದು ಉದ್ದದ ದಕ್ಷಿಣ ಭಾರತದ ಹೆಸರನ್ನು ತಡವರಿಸದೆ ಪೂರ್ತಿ ಹೇಳಿದ ದಿನ ನಾನು ಕೈಯಲ್ಲಿದ್ದ ಚಪಾತಿ ಲಟ್ಟಣಿಗೆ ಹಿಡಿದುಕೊಂಡೇ ಹಾಲಿಗೆ ಬಂದಿದ್ದೆ.

ಇವರೆಲ್ಲ ಗಂಡಸರೇ, ನೀವು ಗಮನಿಸಿರಬಹುದು. ಬೆಂಗಳೂರು ಆಕಾಶವಾಣಿಯಲ್ಲಿ ಹೆಂಗಸರ ದನಿ ಕೇಳಿ ಬೆಳೆದ ನನಗೆ ಅದು ಆಗಲೇ ವಿಚಿತ್ರ ಅನ್ನಿಸಿತ್ತು. ಹಗಲು ಹೊತ್ತಿನ ಆ ಕಾರ್ಯಕ್ರಮ ನೋಡುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ, ಕೂಗುವ ಕೆಲಸ ಮಾತ್ರ ಅವರಿಗೆ ಸಿಗಲಿಲ್ಲ. ಅದು ತಪ್ಪೇ.

ನಮ್ಮಲ್ಲಿ ಈ ಕೆಲಸ ಬೇರೆ ದಾರಿ ಹಿಡಿಯಿತು. ಚಂದನದ 'ಥಟ್ ಅಂತ ಹೇಳಿ' ನೋಡಿ, ನಾ. ಸೋಮೇಶ್ವರ ಅವರೇ ಸ್ವಾಗತಿಸುತ್ತಾರೆ, ಅವರೇ ಕೇಳುತ್ತಾರೆ, ಅವರೇ ವಿವರಿಸುತ್ತಾರೆ, ಬಹುಮಾನ ಪುಸ್ತಕ. ಅಲ್ಲಿ ಬೇರೆ ಅನೌನ್ಸರ್ ಬೇಕಾಗಿಯೇ ಇಲ್ಲ. ಆದರೆ ಮುಖ ಕಾಣದ ದನಿಯ ಪ್ರೀತಿ ನಮಗೂ ಗೊತ್ತು. ಬೆಳಿಗ್ಗೆ ರೇಡಿಯೊದ ಸಂಸ್ಕೃತ ವಾರ್ತೆಯಲ್ಲಿ "ಪ್ರವಾಚಕಃ ಬಲದೇವಾನಂದ ಸಾಗರಃ" ಅಂತ ಬರುತ್ತಿತ್ತಲ್ಲ. ಮುಂದಿನ ಸಾಲಿನಲ್ಲಿ ಎಷ್ಟು ಜನ ತಲೆ ಆಡಿಸುತ್ತಿದ್ದೀರಿ ನೋಡಿ! ಸಂಸ್ಕೃತ ಬಾರದವರಿಗೂ ಆ ಹೆಸರು ಬರುತ್ತೆ. ಓಲ್ಸನ್ ಕೂಡ ಹಾಗೇ, ಕೊನೆಯಲ್ಲಿ ಒಂದೇ ಒಂದು ಸಲ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು. "ಜಾನಿ ಓಲ್ಸನ್ ಸ್ಪೀಕಿಂಗ್." ದಿನಾ ಬೇರೆಯವರ ಹೆಸರು ಅಷ್ಟು ದೊಡ್ಡದಾಗಿ ಕೂಗಿ, ತಮ್ಮ ಹೆಸರನ್ನು ಮಾತ್ರ ಸಾದಾ ದನಿಯಲ್ಲಿ ಹೇಳಿ ಮುಗಿಸುತ್ತಿದ್ದರು.

ಒಂದು ವಿಷಯ ನನಗೆ ಇವತ್ತಿಗೂ ನೋವು. 'ವೀಲ್ ಆಫ್ ಫಾರ್ಚೂನ್' ಅನ್ನುವ ಪದ ಊಹಿಸುವ ಆಟದ ಅನೌನ್ಸರ್ ಚಾರ್ಲಿ ಓಡಾನಲ್, 1975ರಿಂದ 80ರವರೆಗೆ, ಮತ್ತೆ 1989ರಿಂದ ಕೊನೆಯವರೆಗೆ ಅಲ್ಲಿ ದುಡಿದವರು, 2010ರ ನವೆಂಬರ್ 1ರಂದು ತೀರಿಕೊಂಡರು. ಅವರು ಆಗಲೇ ರೆಕಾರ್ಡ್ ಮಾಡಿಟ್ಟಿದ್ದ ಕಂತುಗಳಿದ್ದವು. ಪ್ರಸಾರ ಮಾಡುವಾಗ ಅವರ ದನಿ ತೆಗೆದು ಬೇರೆಯವರ ದನಿ ಹಾಕಿದರು. ಸತ್ತವರ ದನಿ ಕೇಳಿದರೆ ಜನಕ್ಕೆ ಕಷ್ಟವಾಗುತ್ತೆ ಅಂತ ಇರಬಹುದು. ನನಗೆ ಕಷ್ಟವಾದದ್ದು ಆ ದನಿ ಇಲ್ಲದೆ ಹೋದದ್ದಕ್ಕೆ. ಯಾಕೆ ಅಂದರೆ ನಾನು 1985 ನೋಡಿದ್ದೆ.

1985ರ ಅಕ್ಟೋಬರ್ 12, ಶನಿವಾರ, ಓಲ್ಸನ್ ತೀರಿಕೊಂಡರು. ಮಿದುಳಿನಲ್ಲಿ ರಕ್ತಸ್ರಾವ. 75 ವರ್ಷ. ಪೇಪರಿನಲ್ಲಿ ಓದಿದ ಅಜ್ಜಿ ಮೆಟ್ಟಿಲ ಕೆಳಗೆ ನಿಂತು ನನಗೆ ಹೇಳಿದರು. ನಾಲ್ಕು ವರ್ಷದಿಂದ ಅವರು ನನ್ನನ್ನು ಹನ್ನೊಂದು ಗಂಟೆಗೆ ಕರೆಯುತ್ತಿದ್ದ ರೀತಿ ಒಂದೇ, ಮೆಟ್ಟಿಲ ಕೆಳಗೆ ನಿಂತು ನನ್ನ ಹೆಸರನ್ನು ಎಳೆದು ಕೂಗಿ, "ಕಮ್ ಆನ್ ಡೌನ್!" ಅನ್ನುವುದು. ಮೊದಲ ತಿಂಗಳು ನನ್ನ ಹೆಸರು ಅವರ ಬಾಯಲ್ಲಿ ಮುರಿದು ಬೀಳುತ್ತಿತ್ತು. ಆಮೇಲೆ ಅಭ್ಯಾಸ ಮಾಡಿ ಮಾಡಿ ನಮ್ಮಮ್ಮ ಕರೆದ ಹಾಗೇ ಕರೆಯಲು ಕಲಿತಿದ್ದರು. ಸೋಮವಾರ ಹನ್ನೊಂದಕ್ಕೆ ಅವರು ಕರೆಯಲಿಲ್ಲ. ನಾನೇ ಇಳಿದು ಹೋದೆ. ಟಿವಿ ಆರಿಸಿ ಕೂತಿದ್ದರು. ನಾನು ಹಚ್ಚಿದೆ.

ರೆಕಾರ್ಡ್ ಆಗಿದ್ದ ಕಂತು. ಓಲ್ಸನ್ ದನಿಯೇ ಬಂತು, ಎಂದಿನ ಹಾಗೆ, ನಾಲ್ಕು ಹೆಸರು ಕೂಗಿದರು, ನಾಲ್ಕು ಜನ ಕುಣಿದುಕೊಂಡು ಓಡಿ ಬಂದರು. ಅಜ್ಜಿ ಎದ್ದು ಹೋಗಿ ದನಿ ಜಾಸ್ತಿ ಮಾಡಿದರು.